ಬಂದೂಕು ಕೆಳಗಿಟ್ಟು ಕಾಡು ತೋರಿಸಿದ ಕರ್ನಲ್

ಮಾಗಡಿ (ಗದಗ ಜಿಲ್ಲೆ): ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಇಂತಹ ದೂರದ ತಾಣಕ್ಕೆ ಬಂದವರು ಎಲ್ಲಿ ತಂಗಬೇಕು, ಅವರಿಗೆ ದಾರಿ ತೋರುವವರು ಯಾರು ಎಂಬ ಪ್ರಶ್ನೆ ಎದ್ದಾಗಲೆಲ್ಲ ಒಂದು ಹೆಸರು ನೆನಪಿಗೆ ಬರುತ್ತದೆ. ಅದು ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್ ಅವರದು. ರಾಜ್ಯದ ದಕ್ಷಿಣದ ಅಂಚಿನಲ್ಲಿ, ಕಬಿನಿ ಹಿನ್ನೀರಿನ ದಡದಲ್ಲಿ, ಇದೇ ಪ್ರಶ್ನೆಗೆ ಅವರು ದಶಕಗಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು.

ವೇಕ್‌ಫೀಲ್ಡ್ ಹುಟ್ಟಿದ್ದು 1916ರಲ್ಲಿ, ಬಿಹಾರದ ಗಯಾದಲ್ಲಿ. ತಂದೆ ಟಿಕಾರಿ ಸಂಸ್ಥಾನದ ಸೇವೆಯಲ್ಲಿದ್ದರು. ಹೀಗಾಗಿ ಕಾಡು, ಆನೆ, ಬೇಟೆ ಇವೆಲ್ಲ ಬಾಲಕನಿಗೆ ಮನೆಯಂಗಳದ ಸಂಗತಿಗಳಾಗಿದ್ದವು. ಇತರ ಮಕ್ಕಳು ಬುಗುರಿ ಆಡುವ ವಯಸ್ಸಿನಲ್ಲಿಯೇ ಅವರು ಹುಲಿ ಬೇಟೆಯ ರುಚಿ ಕಂಡಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಸ್ವಾತಂತ್ರ್ಯಾನಂತರ ಅನೇಕ ಆಂಗ್ಲರು ಹಡಗು ಹತ್ತಿದರೂ ವೇಕ್‌ಫೀಲ್ಡ್ ಭಾರತವನ್ನು ಬಿಡಲಿಲ್ಲ. ವಿದೇಶಿ ಅತಿಥಿಗಳಿಗೆ ಬೇಟೆ ಏರ್ಪಡಿಸುವುದು ಅವರ ವೃತ್ತಿಯಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಆ ಯುಗಕ್ಕೆ ತೆರೆ ಎಳೆಯಿತು. ಕಾಡಿನ ಹೊರತು ಬೇರೇನನ್ನೂ ಬಯಸದ ವೇಕ್‌ಫೀಲ್ಡ್ ತಮ್ಮ ಅನುಭವವನ್ನು ಪ್ರಾಣಿಗಳನ್ನು ತೋರಿಸುವ ಕೆಲಸದತ್ತ ತಿರುಗಿಸಿದರು. ನೇಪಾಳದ ಕಾಡಿನಲ್ಲಿ ವಸತಿಗೃಹ ನಡೆಸಿ ಹೆಸರಾಗಿದ್ದ ಟೈಗರ್ ಟಾಪ್ಸ್ ಸಂಸ್ಥೆಯ ಬಳಗವನ್ನು ಸೇರಿದರು. 1980ರಲ್ಲಿ ಕರ್ನಾಟಕ ಸರ್ಕಾರವು ಟೈಗರ್ ಟಾಪ್ಸ್ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿದಾಗ, ಅದರ ಮೊದಲ ವಸತಿಧಾಮಕ್ಕೆ ರೂಪ ಕೊಡುವ ಹೊಣೆ ಅವರ ಹೆಗಲೇರಿತು.

ಅದಕ್ಕೆ ಆಯ್ಕೆಯಾದದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರ. ಅಲ್ಲಿ ಮೈಸೂರು ಮಹಾರಾಜರ ಕಾಲದ ಬೇಟೆ ಬಂಗಲೆಗಳಿದ್ದವು. ಸಮೀಪದ ಕಾಕನಕೋಟೆ ಆನೆ ಹಿಡಿಯುವ ಖೆಡ್ಡಾಕ್ಕೆ ಪ್ರಸಿದ್ಧವಾಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬಳಿಕ ಕಬಿನಿ ಜಲಾಶಯದ ನೀರು ಆ ನೆಲವನ್ನು ಆವರಿಸಿತು. ಬೇಸಿಗೆಯಲ್ಲಿ ನೀರು ಇಳಿದಂತೆ ದಡದಲ್ಲಿ ಚಿಗುರುವ ಹುಲ್ಲಿಗೆ ಆನೆಗಳ ಹಿಂಡುಗಳು ಬರತೊಡಗಿದವು. ಒಂದು ಕಾಲಕ್ಕೆ ಆನೆಗಳನ್ನು ಸೆರೆಹಿಡಿದ ಪ್ರದೇಶವೇ ಅವುಗಳನ್ನು ದೂರದಿಂದ ನೋಡಿ ಸಂತೋಷಪಡುವ ತಾಣವಾಯಿತು.

ಕಬಿನಿ ರಿವರ್ ಲಾಡ್ಜ್‌ನ ದಿನಚರಿ ಸರಳ. ಬೆಳಗಿನ ಜಾವ ಜೀಪಿನಲ್ಲಿ ಕಾಡು, ಹಿನ್ನೀರಿನಲ್ಲಿ ದೋಣಿ ಅಥವಾ ಹರಿಗೋಲು, ಸಂಜೆ ಮತ್ತೆ ಕಾಡು, ರಾತ್ರಿ ವನ್ಯಜೀವಿಗಳ ಚಿತ್ರ ಪ್ರದರ್ಶನ. ಆದರೆ ಅತಿಥಿಗಳಿಗೆ ಕಾಡು ಕಾಣುವುದು ಜೊತೆಗಿರುವ ಮಾರ್ಗದರ್ಶಿಯ ಕಣ್ಣು ಕಿವಿಗಳ ಮೂಲಕವೇ. ಮುಸುವ ಕೂಗಿದ್ದು ಚಿರತೆಯನ್ನು ಕಂಡೋ, ಜಿಂಕೆ ಕಾಲು ಕುಟ್ಟಿ ನಿಂತದ್ದು ಯಾವ ದಿಕ್ಕನ್ನು ನೋಡಿ, ಧೂಳಿನಲ್ಲಿ ಮೂಡಿದ ಹೆಜ್ಜೆ ಇಂದಿನದೋ ನಿನ್ನೆಯದೋ ಎಂಬುದನ್ನು ಪುಸ್ತಕ ಓದಿ ಮಾತ್ರ ಕಲಿಯಲಾಗದು. ಈ ಸೀಮೆಯ ಜೇನುಕುರುಬರಿಗೆ ಅದು ತಲೆಮಾರುಗಳಿಂದ ಬಂದ ವಿದ್ಯೆ.

1987ರಲ್ಲಿ ಟೈಗರ್ ಟಾಪ್ಸ್ ಪಾಲನ್ನು ಸರ್ಕಾರವೇ ವಹಿಸಿಕೊಂಡಿತು. ಒಡೆತನ ಬದಲಾದರೂ ವೇಕ್‌ಫೀಲ್ಡ್ ಕಬಿನಿಯಲ್ಲಿಯೇ ನೆಲೆನಿಂತರು. ಸಿಬ್ಬಂದಿಗೂ ಅತಿಥಿಗಳಿಗೂ ಅವರು ಪ್ರೀತಿಯ ಪಾಪಾ ಆಗಿದ್ದರು. ಇಳಿವಯಸ್ಸಿನಲ್ಲೂ ಅತಿಥಿಗಳೊಡನೆ ಕುಳಿತು ಕಾಡಿನ ಕತೆಗಳನ್ನು ಹೇಳುತ್ತಿದ್ದರು. 2010ರ ಏಪ್ರಿಲ್‌ನಲ್ಲಿ, ತಾವು ಕಟ್ಟಿ ಬೆಳೆಸಿದ ಕಬಿನಿಯ ದಡದಲ್ಲಿಯೇ ಕೊನೆಯುಸಿರೆಳೆದರು.

ಅವರು ನಿಧನರಾಗಿ ಒಂದೂವರೆ ದಶಕ ಕಳೆದಿದೆ. ಕಬಿನಿಯಲ್ಲಿ ಮೊದಲಾದ ಪ್ರಯೋಗ ಬಿಳಿಗಿರಿರಂಗನ ಬೆಟ್ಟದ ಕ್ಯಾತೇದೇವರಗುಡಿ, ದಾಂಡೇಲಿಗಳಿಗೆ ಹಬ್ಬಿ, ದರೋಜಿ ಕರಡಿಧಾಮದ ನೆರೆಯ ಕಮಲಾಪುರದವರೆಗೂ ಬಂದಿದೆ. ಕಮಲಾಪುರದಿಂದ ಗದಗ ಸೀಮೆ ದೂರವೇನಲ್ಲ.

ಮಾಗಡಿಯಲ್ಲಿ ಹುಲಿ ಆನೆಗಳಿಲ್ಲ, ದಟ್ಟ ಕಾಡೂ ಇಲ್ಲ. ಆದರೆ ಹೆಬ್ಬಾತುಗಳು ಸಂಜೆ ಯಾವ ಹೊಲದತ್ತ ಮೇಯಲು ಹಾರುತ್ತವೆ, ಬೆಳಗ್ಗೆ ಎಷ್ಟು ಹೊತ್ತಿಗೆ ಕೆರೆಗೆ ಮರಳುತ್ತವೆ ಎಂಬುದನ್ನು ಬಲ್ಲವನು ಇಲ್ಲಿನ ರೈತ. ತನ್ನ ಬೆಳೆಯಲ್ಲಿ ಅವುಗಳಿಗೆ ಪಾಲು ಬಿಡುವವನೂ ಅವನೇ. ಕಟ್ಟಡಗಳನ್ನು ಹಣವಿದ್ದರೆ ಎಂದಾದರೂ ಕಟ್ಟಬಹುದು. ಆ ರೈತನ ತಿಳಿವಳಿಕೆಗೆ ಗೌರವವೂ ಗಳಿಕೆಯೂ ದೊರೆತರೆ ಮಾತ್ರ ಹಕ್ಕಿಗಳಿಗೆ ಇಲ್ಲಿ ಉಳಿಗಾಲ. ಬೇಟೆಗಾರನಾಗಿ ಕಾಡು ಹೊಕ್ಕು ಅದರ ಬಂಧುವಾಗಿ ಉಳಿದ ಕರ್ನಲ್ ಅವರ ಬದುಕು ನಮ್ಮ ಭಾಗಕ್ಕೆ ಹೇಳುವ ಪಾಠ ಇದು.