ನೀರಿನಷ್ಟೇ ಅಧಿಕಾರವನ್ನೂ ಹಂಚಿದವರು

ಹೊಸಕೋಟೆಯಂಥ ಬಯಲುಸೀಮೆಯ ತಾಲ್ಲೂಕುಗಳ ಹಿರಿಯರಿಗೆ ಅಬ್ದುಲ್ ನಜೀರ್ ಸಾಬ್ ಎಂದರೆ ಇಂದಿಗೂ ‘ನೀರ್ ಸಾಬ್’. ಗುಂಡ್ಲುಪೇಟೆಯ ಈ ಸರಳ ವ್ಯಕ್ತಿ, ರಾಮಕೃಷ್ಣ ಹೆಗಡೆ ಅವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರಪೀಡಿತ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನರೇ ಇಟ್ಟ ಹೆಸರದು.

ಆದರೆ ಅವರ ಹಿರಿದಾದ ಕೆಲಸ ಬೇರೆಯೇ ಇತ್ತು. 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳನ್ನು ರೂಪಿಸಿ, ಯಾವ ಕಾಮಗಾರಿ ಎಲ್ಲಿ ಆಗಬೇಕೆಂಬ ತೀರ್ಮಾನವನ್ನು ವಿಧಾನಸೌಧದಿಂದ ಹಳ್ಳಿಯತ್ತ ಸಾಗಿಸಲು ಅವರು ಶ್ರಮಿಸಿದರು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳು ಮೀಸಲಾದವು. 1987ರ ಜನವರಿಯಲ್ಲಿ ಚುನಾವಣೆ ನಡೆದ ಮೇಲೆ, ಐಎಎಸ್ ಅಧಿಕಾರಿಯು ಪರಿಷತ್ತಿನ ಚುನಾಯಿತ ಅಧ್ಯಕ್ಷರ ಅಧೀನದಲ್ಲಿ ಕೆಲಸ ಮಾಡುವಂತಾಯಿತು. ಅಧಿಕಾರಿ ವರ್ಗದ ನಮ್ಮಲ್ಲಿ ಹಲವರಿಗೆ ಇದು ನುಂಗಲಾರದ ತುತ್ತಾಗಿತ್ತು. ಅನೇಕ ಶಾಸಕರಿಗೂ ಹಿತವೆನಿಸಲಿಲ್ಲ.

1988ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ಪಂಚಾಯಿತಿಗಳಿಗೆ ಸಂವಿಧಾನದ ರಕ್ಷಣೆ ನೀಡಿದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಅವರು ಇರಲಿಲ್ಲ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ಹೆಸರು ಉಳಿಯಿತು, ಆಶಯ ಉಳಿಯಿತೇ? 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಹೊಸಕೋಟೆಯ ಅಂತರ್ಜಲವೂ ಪಾತಾಳ ಸೇರಿದೆ. ಬತ್ತಿದ ಬಾವಿಗೆ ಮಳೆಯನ್ನಾದರೂ ಕಾಯಬಹುದು. ಜನಪ್ರತಿನಿಧಿಗಳಿಲ್ಲದ ಪಂಚಾಯಿತಿಗೆ ಜೀವ ತುಂಬಲು ಸರ್ಕಾರವೇ ಮನಸ್ಸು ಮಾಡಬೇಕು.