ಊರೆದುರು ಓದುವ ವರದಿ

ಮಕ್ಕಳೇ, ಹೊರದೇಶದಲ್ಲಿರುವ ನಿಮ್ಮ ಶಾಲೆಯ ವರ್ಷ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರಿಂದ ಮನೆಗೊಂದು ಇಮೇಲ್ ಬರುತ್ತದೆ. ಯಾವ ತಂಡ ಗೆದ್ದಿತು, ಯಾವ ಟೀಚರ್ ನಿವೃತ್ತರಾಗುತ್ತಿದ್ದಾರೆ, ಲೈಬ್ರರಿ ಪುಸ್ತಕಗಳನ್ನು ಯಾವಾಗ ಹಿಂದಿರುಗಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅಮ್ಮನೋ ಅಪ್ಪನೋ ಫೋನಿನಲ್ಲಿ ಓದಿದರೆ ಅಲ್ಲಿಗೆ ಮುಗಿಯಿತು. ಕರ್ನಾಟಕದ ಹೈಸ್ಕೂಲುಗಳಲ್ಲಿ ಇದೇ ಸುದ್ದಿಯನ್ನು ಶಾಮಿಯಾನದ ಕೆಳಗೆ ಮೈಕಿನ ಮುಂದೆ ನಿಂತು, ಊರಿನವರೆಲ್ಲ ಕೇಳುವಂತೆ ಓದುತ್ತಾರೆ. ಓದುವವರು ಹೆಡ್‌ಮಾಸ್ಟರು. ಓದುವ ದಿನ ಶಾಲಾ ವಾರ್ಷಿಕೋತ್ಸವ. ಆಮಂತ್ರಣ ಪತ್ರಿಕೆಯಲ್ಲಿ ಪ್ರಾರ್ಥನೆ, ಸ್ವಾಗತ ಆದಮೇಲೆ ‘ವರದಿ ವಾಚನ’ ಎಂದು ಒಂದು ಸಾಲು ಇರುತ್ತದಲ್ಲ, ಅದೇ.

ವಾರ್ಷಿಕೋತ್ಸವದ ಬಗ್ಗೆ ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿದರೆ ಕೋಲಾಟ, ನಾಟಕ, ಬಾಡಿಗೆಗೆ ತಂದ ವೇಷದ ಬಟ್ಟೆ, ರಾತ್ರಿ ತಡವಾಗಿ ಮನೆಗೆ ನಡೆದು ಬಂದದ್ದು ಎಲ್ಲವನ್ನೂ ಹೇಳುತ್ತಾರೆ. ಧಾರವಾಡ, ಬೆಳಗಾವಿ ಕಡೆಯವರಾದರೆ ಅದನ್ನು ಗ್ಯಾದರಿಂಗ್ ಎನ್ನುತ್ತಾರೆ. ವರದಿ ವಾಚನದ ಬಗ್ಗೆ ಮಾತ್ರ ಬಹುಶಃ ಯಾರೂ ಹೇಳುವುದಿಲ್ಲ. ಆ ಹೊತ್ತಿಗೆ ಅವರು ರಂಗದ ಹಿಂದೆ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. ನನಗೆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಮುಖ್ಯವೆನಿಸುವುದು ಆ ವರದಿಯೇ. ಆದ್ದರಿಂದ ಅದನ್ನು ನಿಮಗೆ ಪರಿಚಯಿಸುತ್ತಿದ್ದೇನೆ.

ಮೊದಲು ಶಾಲೆಯ ಲೆಕ್ಕ ತಿಳಿದುಕೊಳ್ಳಿ. ಅಲ್ಲಿ ಹೈಸ್ಕೂಲು ಎಂದರೆ 8, 9 ಮತ್ತು 10ನೇ ತರಗತಿ, ಮೂರೇ ವರ್ಷ. ಕನ್ನಡದಲ್ಲಿ ಅದಕ್ಕೆ ಪ್ರೌಢಶಾಲೆ ಎಂದು ಹೆಸರು. ಮೇ ಕೊನೆಯಲ್ಲಿ ಅಥವಾ ಜೂನ್ ಮೊದಲಲ್ಲಿ, ಮಳೆಯ ಜೊತೆಗೇ ತರಗತಿಗಳು ಶುರುವಾಗುತ್ತವೆ. ದಸರಾ ರಜೆಗೆ ಅರ್ಧ ವರ್ಷ ಮುಗಿಯುತ್ತದೆ. ಏಪ್ರಿಲ್ 10ರ ಆಸುಪಾಸಿನಲ್ಲಿ ಫಲಿತಾಂಶ ಹೇಳಿ ಬೇಸಿಗೆ ರಜೆ ಕೊಡುವುದು ಬಹುಕಾಲದಿಂದ ಬಂದ ರೂಢಿ. ಹತ್ತನೆಯವರಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಆ ಪರೀಕ್ಷೆಯ ಓದು ಜೋರಾಗುವ ಮೊದಲೇ ಮುಗಿಸಬೇಕೆಂದು ವಾರ್ಷಿಕೋತ್ಸವವನ್ನು ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರುವರಿಯೊಳಗೆ ಇಟ್ಟುಕೊಳ್ಳುತ್ತಾರೆ. ಸುಗ್ಗಿ ಮುಗಿದಿರುತ್ತದೆ ಅಥವಾ ಮುಗಿಯುತ್ತಾ ಬಂದಿರುತ್ತದೆ, ಮಳೆಯ ಭಯವಿಲ್ಲ, ಸಂಜೆ ಹೊತ್ತು ಊರಿನವರಿಗೆ ಬಿಡುವು.

ಇನ್ನು ವರದಿಯಲ್ಲಿ ಏನಿರುತ್ತದೆ? ಮೊದಲಿಗೆ ಮಕ್ಕಳ ಸಂಖ್ಯೆ: ಪ್ರತಿ ತರಗತಿಯಲ್ಲಿ ಎಷ್ಟು ಹುಡುಗಿಯರು, ಎಷ್ಟು ಹುಡುಗರು. ಆಮೇಲೆ ಹಿಂದಿನ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ. ಈ ಪರೀಕ್ಷೆಗೆ ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಹೆಚ್ಚಿನ ಶಾಲೆಗಳಲ್ಲಿ ಪ್ರಥಮ ಭಾಷೆ ಕನ್ನಡ. ಹೆಚ್ಚು ಅಂಕ ಪಡೆದವರ ಹೆಸರನ್ನು, ತಂದೆ ತಾಯಿಯ ಹೆಸರನ್ನು ಸೇರಿಸಿ ಓದುತ್ತಾರೆ. ಕೂಲಿಗೆ ಹೋಗುವ ತಾಯಿ ಅಂದು ಕೆಲಸ ಬಿಟ್ಟು ಬಂದು ಕೂತಿದ್ದರೆ ತನ್ನ ಹೆಸರನ್ನು ಮೈಕಿನಲ್ಲಿ ಕೇಳುವುದು ಆಗಲೇ.

ನಂತರ ಆಟೋಟ. ಕಬಡ್ಡಿ, ಖೊ ಖೊ, ಥ್ರೋಬಾಲ್, ವಾಲಿಬಾಲ್ ತಂಡಗಳು ಎಲ್ಲಿಯವರೆಗೆ ಹೋದವು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾರೆ: ಹೋಬಳಿ ಮಟ್ಟದಲ್ಲಿ ಪ್ರಥಮ, ತಾಲ್ಲೂಕು ಮಟ್ಟದಲ್ಲಿ ಪ್ರಥಮ, ಜಿಲ್ಲಾ ಮಟ್ಟದಲ್ಲಿ ದ್ವಿತೀಯ. ಅದರಾಚೆಗೆ ವಿಭಾಗ ಮಟ್ಟ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು ವಿಭಾಗಗಳು. ಕೊನೆಗೆ ರಾಜ್ಯ. ಹಳ್ಳಿಯ ತಂಡವೊಂದು ವಿಭಾಗ ಮಟ್ಟಕ್ಕೆ ಹೋದರೆ ಆ ವಾಕ್ಯ ಓದುವಾಗ ಹೆಡ್‌ಮಾಸ್ಟರ ದನಿಯೇ ಬೇರೆಯಾಗುತ್ತದೆ, ಸಭೆಯ ಹಿಂದಿನ ಸಾಲಿನಿಂದ ಸಿಳ್ಳೆ ಕೇಳಿಬರುತ್ತದೆ.

ಹಾಡು, ಮಾತು, ಕಲೆಗೆ ಇರುವ ಮೆಟ್ಟಿಲಿಗೆ ‘ಪ್ರತಿಭಾ ಕಾರಂಜಿ’ ಎಂದು ಹೆಸರು. ಶಿಕ್ಷಣ ಇಲಾಖೆ ನಡೆಸುವ ಈ ಸ್ಪರ್ಧೆಗಳಲ್ಲಿ ಭಾವಗೀತೆ, ಜನಪದ ಗೀತೆ, ಆಶುಭಾಷಣ, ಚರ್ಚೆ, ರಂಗೋಲಿ, ಮಿಮಿಕ್ರಿ, ಕವ್ವಾಲಿ ಎಲ್ಲವೂ ಉಂಟು. ಡ್ರಾಯಿಂಗ್‌ನ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾದವರು, ಎನ್‌ಎಂಎಂಎಸ್ ಪರೀಕ್ಷೆ ಗೆದ್ದವರು ಆಮೇಲೆ ಬರುತ್ತಾರೆ. ಈ ಕೊನೆಯದನ್ನು ಎಂಟನೇ ತರಗತಿಯಲ್ಲಿ ಬರೆಯುವುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಕೇಂದ್ರ ಸರ್ಕಾರದಿಂದ ವರ್ಷಕ್ಕೆ ₹12,000 ವಿದ್ಯಾರ್ಥಿವೇತನ. ಬಡ ಮನೆಯ ಮಗುವೊಂದು ಪಿಯುಸಿವರೆಗೆ, ಅಂದರೆ ಹನ್ನೆರಡನೆಯವರೆಗೆ, ಓದು ಬಿಡದಿರಲು ಈ ಹಣ ಕಾರಣವಾಗುವುದುಂಟು. ಸ್ಕೌಟ್ಸ್, ಗೈಡ್ಸ್, ರೆಡ್ ಕ್ರಾಸ್, ಸೇವಾದಳಗಳಿಗೂ ಒಂದೊಂದು ಸಾಲು. ಸೇವಾದಳವನ್ನು 1923ರಲ್ಲಿ ಕಟ್ಟಿದವರು ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಅವರು ವೈದ್ಯರು, ಅಮೆರಿಕದಲ್ಲೂ ಓದಿ ಬಂದವರು.

ಇಲ್ಲಿಯವರೆಗಿನದು ನಿಮ್ಮ ಶಾಲೆಯ ಇಮೇಲಿನಲ್ಲೂ ಸ್ವಲ್ಪ ಹೆಚ್ಚುಕಡಿಮೆ ಸಿಗುತ್ತದೆ. ಮುಂದಿನದು ಸಿಗಲಾರದು. ವರದಿಯ ಎರಡನೇ ಭಾಗದಲ್ಲಿ ಶಾಲೆ ತನ್ನ ಊರಿಗೆ ಲೆಕ್ಕ ಒಪ್ಪಿಸುತ್ತದೆ. ಕಾಂಪೌಂಡಿಗೆ ಕಲ್ಲು ಕೊಟ್ಟವರು, ಬಿಸಿಯೂಟಕ್ಕೆ ತರಕಾರಿ ತಂದುಕೊಟ್ಟವರು, ಕುಡಿಯುವ ನೀರಿನ ಫಿಲ್ಟರ್ ಹಾಕಿಸಿದ ಹಳೆ ವಿದ್ಯಾರ್ಥಿಗಳು, ಕ್ರೀಡಾಕೂಟದ ದಿನ ಮಕ್ಕಳಿಗೆ ಮಜ್ಜಿಗೆ ಹಂಚಿದ ಸಂಘದವರು, ಇವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾರೆ. ಕೊಟ್ಟದ್ದು ಹತ್ತು ತೆಂಗಿನಕಾಯಿಯಾದರೂ ಬಿಡುವುದಿಲ್ಲ. ಕೇಳಲು ಉದ್ದವೆನಿಸಬಹುದು. ಆದರೆ ಎಷ್ಟೋ ಹಳ್ಳಿಗಳಲ್ಲಿ ಹೈಸ್ಕೂಲಿನ ಜಾಗವನ್ನೇ ಊರಿನವರು ದಾನವಾಗಿ ಕೊಟ್ಟಿದ್ದಾರೆ, ಗೋಡೆಗೆ ಮಣ್ಣು ಹೊತ್ತಿದ್ದಾರೆ. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಆರಂಭಿಸಿದ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಮೊದಲ ಶಾಲೆಯನ್ನು ಇಂದು ಜಿ. ಎ. ಹೈಸ್ಕೂಲ್ ಎನ್ನುತ್ತಾರೆ. ಆ ಎರಡು ಅಕ್ಷರಗಳ ಹಿಂದಿರುವುದು ಗಿಲಗಂಚಿ, ಅರಟಾಳ ಎಂಬ ಹಿರಿಯರ ಮನೆತನದ ಹೆಸರುಗಳು. ಊರು ಕಟ್ಟಿದ ಶಾಲೆ ವರ್ಷಕ್ಕೊಮ್ಮೆಯಾದರೂ ಊರಿಗೆ ಉತ್ತರ ಹೇಳಬೇಕು, ಅದೂ ಎಲ್ಲರೆದುರು. ಇದು ನನಗೆ ಬಹಳ ಇಷ್ಟವಾದ ಪದ್ಧತಿ.

ಈಗ ನಿಮಗೆ ನೇರವಾಗಿ ಸಂಬಂಧಿಸಿದ ವಿಷಯ. ವರದಿಯ ಬೆನ್ನಿಗೇ ಬಹುಮಾನ ವಿತರಣೆ ಇರುತ್ತದೆ, ಅದರಲ್ಲಿ ಕೆಲವಕ್ಕೆ ‘ದತ್ತಿ ಬಹುಮಾನ’ ಎನ್ನುತ್ತಾರೆ. ಯಾರೋ ಒಬ್ಬರು ತಮ್ಮ ತಂದೆ, ತಾಯಿ ಅಥವಾ ಮೇಷ್ಟ್ರ ಹೆಸರಿನಲ್ಲಿ ಶಾಲೆಗೆ ಒಂದಿಷ್ಟು ಹಣ ಕೊಡುತ್ತಾರೆ. ಶಾಲೆ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲನ್ನು ಎಂದೂ ಮುಟ್ಟುವಂತಿಲ್ಲ, ಬಡ್ಡಿಯಿಂದ ಪ್ರತಿವರ್ಷ ಬಹುಮಾನ ಕೊಡಬೇಕು. ಯಾರಿಗೆ ಎಂಬುದನ್ನು ಕೊಟ್ಟವರೇ ಹೇಳಿರುತ್ತಾರೆ: ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೆ, ಗಣಿತದಲ್ಲಿ ಮೊದಲು ಬಂದ ಹುಡುಗಿಗೆ, ತಂದೆಯಿಲ್ಲದ ಮಗುವಿಗೆ, ಒಂದು ದಿನವೂ ತಪ್ಪದೆ ಶಾಲೆಗೆ ಬಂದವರಿಗೆ. ಬಹುಮಾನ ಕೊಡುವಾಗ ದತ್ತಿ ಯಾರ ನೆನಪಿನದು, ಇಟ್ಟವರು ಯಾರು ಎಂದು ಮೈಕಿನಲ್ಲಿ ಹೇಳುತ್ತಾರೆ. ಎಂದೋ ತೀರಿಕೊಂಡ ಅಜ್ಜಿಯ ಹೆಸರು ಹೀಗೆ ವರ್ಷವರ್ಷವೂ ಒಂದು ಮಗುವಿನ ಹೆಸರಿನ ಜೊತೆ ಸೇರಿ ಬರುತ್ತದೆ. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು, ದತ್ತಿ ಪ್ರಶಸ್ತಿಗಳು ನಡೆಯುವುದೂ ಇದೇ ಲೆಕ್ಕದಲ್ಲಿ.

ಇಲ್ಲೊಂದು ಗಣಿತದ ಮಾತು ಹೇಳಲೇಬೇಕು. ಯಾರೋ ಬಹಳ ಹಿಂದೆ ₹1,000 ಇಟ್ಟರು, ಬಡ್ಡಿ ಶೇಕಡಾ 10 ಇತ್ತು ಎಂದುಕೊಳ್ಳಿ. ವರ್ಷಕ್ಕೆ ₹100 ಬರುತ್ತಿತ್ತು. ಆ ಕಾಲಕ್ಕೆ ಒಂದು ಮಗುವಿನ ಇಡೀ ವರ್ಷದ ನೋಟ್‌ಬುಕ್ಕುಗಳಿಗೆ ಅದು ಸಾಕಾಗುತ್ತಿತ್ತು. ಇಂದು ಬಡ್ಡಿ ಶೇಕಡಾ 6ಕ್ಕೆ ಇಳಿದರೆ ಬರುವುದು ₹60, ಅದಕ್ಕೆ ಒಂದೆರಡು ನೋಟ್‌ಬುಕ್ಕೂ ಕಷ್ಟ. ಹಣ ಕರಗಿಲ್ಲ, ಅದರ ಶಕ್ತಿ ಕರಗಿದೆ. ಹೆಸರು ಓದುವುದನ್ನು ಶಾಲೆಗಳು ನಿಲ್ಲಿಸಿಲ್ಲ, ಆದರೆ ಲಕೋಟೆಯೊಳಗೆ ಹಾಕಲು ಹೆಚ್ಚೇನೂ ಉಳಿದಿರುವುದಿಲ್ಲ. ಹಳೆಯ ದತ್ತಿಗಳಿಗೆ ಮೊಮ್ಮಕ್ಕಳ ಕಾಲದಲ್ಲಿ ಮತ್ತೊಂದಿಷ್ಟು ಸೇರಿಸದಿದ್ದರೆ ಅವು ಬರೀ ಹೆಸರಾಗಿ ಉಳಿಯುತ್ತವೆ. ನಿಮ್ಮ ಮನೆತನದ ದತ್ತಿಯೊಂದು ಯಾವುದೋ ಹೈಸ್ಕೂಲಿನಲ್ಲಿ ಇರಬಹುದು, ನಿಮಗೆ ಗೊತ್ತೇ ಇಲ್ಲದಿರಬಹುದು. ತಾತನನ್ನೋ ದೊಡ್ಡಪ್ಪನನ್ನೋ ಒಮ್ಮೆ ಕೇಳಿ. (ಹಿರಿಯರಿಗೆ ಒಂದು ಮಾತು: ಭಾರತದ ಪೌರತ್ವ ಬಿಟ್ಟವರು ಕೊಡುವ ದೇಣಿಗೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಹಣ ಕಳಿಸುವ ಮುನ್ನ ಸಂಸ್ಥೆಗೆ ಅದನ್ನು ಪಡೆಯುವ ಅನುಮತಿ ಇದೆಯೇ ಎಂದು ವಿಚಾರಿಸಿ.)

ದೂರ ಹೋದವರು ಹಳೆಯ ಶಾಲೆಗೆ ಕೊಡುವುದು ಹಣವೇ ಆಗಬೇಕಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಬಡ ಮನೆಯ ಹುಡುಗ. ಓದಿಗಾಗಿ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ 1960ರಲ್ಲಿ ಪಿಎಚ್.ಡಿ. ಪಡೆದರು. ಓಹಿಯೋದಲ್ಲಿರುವ ನಮ್ಮ ಕನ್ನಡದ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು. ನರಸಿಂಹಯ್ಯ ಅಲ್ಲಿಂದ ನೇರವಾಗಿ ಮರಳಿದ್ದು ತಮ್ಮನ್ನು ಓದಿಸಿದ ಸಂಸ್ಥೆಗೇ. ಅದೇ ಸಂಸ್ಥೆಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1984ರಲ್ಲಿ ಪದ್ಮಭೂಷಣ ಬಂತು. ವಾಸ ಮಾತ್ರ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ, ಮಕ್ಕಳ ನಡುವೆ. 2005ರಲ್ಲಿ ತೀರಿಕೊಳ್ಳುವವರೆಗೂ ಎಲ್ಲರಿಗೂ ಅವರು ‘ಎಚ್ಚೆನ್’.

ವರದಿಗೆ ಕಾಣದ್ದೂ ಇದೆ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಉಡುಪಿಯ ಹೈಸ್ಕೂಲಿನಲ್ಲಿ ನಂದಳಿಕೆಯ ಲಕ್ಷ್ಮೀನಾರಾಯಣಪ್ಪ ಎಂಬ ಡ್ರಿಲ್ ಮೇಷ್ಟ್ರಿದ್ದರು. ಹಗಲು ಹುಡುಗರಿಗೆ ಕವಾಯತು ಕಲಿಸುತ್ತಿದ್ದ ಇವರು ಹಳಗನ್ನಡದಲ್ಲಿ ಕಾವ್ಯ ಬರೆದು, ಅದು ಯಾರೋ ಹಿಂದಿನ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸುತ್ತಿದ್ದರು. ಪ್ರಾಯದಲ್ಲೇ 1901ರಲ್ಲಿ ತೀರಿಕೊಂಡರು. ಬರೆದವರು ಇವರೇ ಎಂದು ಕನ್ನಡನಾಡಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ‘ಶ್ರೀರಾಮಾಶ್ವಮೇಧಂ’ ಬರೆದ ಮುದ್ದಣ ಕವಿ ಇವರೇ. ಹೀಗಾಗಿ ಬಹುಮಾನದ ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳನ್ನೂ ಸದ್ದಿಲ್ಲದ ಮೇಷ್ಟ್ರನ್ನೂ ಶಾಲೆ ಎರಡು ಬಾರಿ ನೋಡಬೇಕು ಎನ್ನುವವನು ನಾನು. ಕೆಲವು ಶಾಲೆಗಳಲ್ಲಿ ವಾರ್ಷಿಕೋತ್ಸವದ ದಿನ ಮಕ್ಕಳ ಕೈಬರಹದ ಪತ್ರಿಕೆ ಬಿಡುಗಡೆಯಾಗುತ್ತದೆ. ಕಥೆ, ಚಿತ್ರ, ಒಗಟು, ಅಜ್ಜಿ ಹೇಳಿದ ಹಾಡು ಎಲ್ಲವನ್ನೂ ಮಕ್ಕಳೇ ಬರೆದು ಹೊಲಿದು ತಂದಿರುತ್ತಾರೆ. ವರದಿಗೆ ಕಾಣದ ಮಕ್ಕಳು ಅದರೊಳಗೆ ಸಿಗುತ್ತಾರೆ.

ವಾರ್ಷಿಕೋತ್ಸವ ಮುಗಿದ ಮೇಲೆ ದಿನಗಳು ಬೇಗ ಓಡುತ್ತವೆ. ಹತ್ತನೆಯವರಿಗೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ. ಆಮೇಲೆ ಬೀಳ್ಕೊಡುಗೆ. ಅಂದು ಒಂಬತ್ತನೆಯವರು ಸಿಹಿ ಹಂಚುತ್ತಾರೆ, ಹತ್ತನೆಯವರು ದುಡ್ಡು ಕೂಡಿಸಿ ಶಾಲೆಗೊಂದು ಕಾಣಿಕೆ ಕೊಡುತ್ತಾರೆ: ಗೋಡೆ ಗಡಿಯಾರ, ಫ್ಯಾನು, ಕಬ್ಬಿಣದ ಬೀರು. ಅದರ ಮೇಲೆ ತಮ್ಮ ಬ್ಯಾಚಿನ ವರ್ಷ ಬರೆಸಿರುತ್ತಾರೆ. ಎಲ್ಲರೂ ಸೇರಿ ಗ್ರೂಪ್ ಫೋಟೊ. ಕೈಗೆ ಹಾಲ್ ಟಿಕೆಟ್. ಮೇ ತಿಂಗಳಲ್ಲಿ ಫಲಿತಾಂಶ ಬರುತ್ತದೆ, ಮುಂದಿನ ಚಳಿಗಾಲದ ವರದಿಗೆ ಮೊದಲ ಸಾಲು ಅಲ್ಲಿಂದಲೇ ಸಿಗುತ್ತದೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಜಾರಿಗೆ ಬಂತು. ಮೊದಲ ಸಲ ತಪ್ಪಿದವರು ಅದೇ ವರ್ಷ ಕಾಲೇಜು ಸೇರಬಹುದು. ಇದು ಒಳ್ಳೆಯ ಬದಲಾವಣೆ.

ನೀವು ಇದನ್ನೆಲ್ಲ ನೋಡುವುದು ಹೇಗೆ? ಅಮೆರಿಕದ ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ವಾರ್ಷಿಕೋತ್ಸವ ಸಿಗುವುದಿಲ್ಲ, ಆದರೆ ಶಾಲೆ ನಡೆಯುತ್ತಿರುತ್ತದೆ. ಡಿಸೆಂಬರ್ ರಜೆಗೆ ಹೋಗುವವರಿಗೆ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಮಕ್ಕಳಿಗೆ, ಶಾಮಿಯಾನದ ಕೆಳಗೆ ಕೂರುವ ಭಾಗ್ಯ ಒದಗಬಹುದು. ಅಪ್ಪ ಅಮ್ಮ ಓದಿದ ಹೈಸ್ಕೂಲಿಗೆ ಫೋನು ಮಾಡಿ, ತಾರೀಖು ಕೇಳಿ ಹೋಗಿ. ತಾರೀಖು ಹೊಂದದಿದ್ದರೆ ಸುಮ್ಮನೆ ಒಂದು ಮಧ್ಯಾಹ್ನ ಹೋಗಿ ಹೆಡ್‌ಮಾಸ್ಟರಿಗೆ ನಮಸ್ಕಾರ ಹೇಳಿ, ಅಪ್ಪ ಅಮ್ಮ ಯಾವ ವರ್ಷದ ಬ್ಯಾಚು ಎಂದು ತಿಳಿಸಿ, ಹಳೆಯ ವರದಿಗಳಿದ್ದರೆ ನೋಡಬಹುದೇ ಎಂದು ಕೇಳಿ. ಕೆಲವು ಶಾಲೆಗಳಲ್ಲಿ ಅವನ್ನು ಫೈಲಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ.

ನಮ್ಮ ಕನ್ನಡ ಕೂಟದ ಕನ್ನಡ ಶಾಲೆಯ ವರ್ಷವೂ ಈಗ ಮುಗಿಯುತ್ತಿದೆ. ಮುಕ್ತಾಯದ ದಿನ ಸಮಿತಿಯವರು ಭಾಷಣ ಮಾಡುವ ಬದಲು ನೀವೇ ಒಂದು ವರದಿ ಬರೆದು ಓದಬೇಕೆಂದು ನನ್ನ ಕೋರಿಕೆ. ಎಷ್ಟು ಮಕ್ಕಳು ಸೇರಿದಿರಿ, ಯಾರು ಒತ್ತಕ್ಷರದವರೆಗೆ ಬಂದರು, ಯಾರು ಮೊದಲ ಸಲ ಅಜ್ಜಿಗೆ ಕನ್ನಡದಲ್ಲಿ ಪತ್ರ ಬರೆದರು, ಶನಿವಾರಗಳಂದು ಕೋಣೆಯ ಬಾಗಿಲು ತೆಗೆದುಕೊಟ್ಟವರು ಯಾರು, ತಿಂಡಿ ತಂದವರು ಯಾರು, ಎಲ್ಲವೂ ಇರಲಿ, ಎಲ್ಲರ ಹೆಸರೂ ಇರಲಿ. ಎರಡು ಪುಟ ಸಾಕು. ಬರೆದ ಕಾಗದವನ್ನು ಓದಿದ ಮೇಲೆ ಎಸೆಯಬೇಡಿ, ಕೂಟದ ಕಾರ್ಯದರ್ಶಿಗೆ ಕೊಡಿ.