ಕಿರೀಟ ಬೇಡವೆಂದ ಕ್ರಾಮ್‌ವೆಲ್: ರಾಜನಿಲ್ಲದ ಇಂಗ್ಲೆಂಡ್‌ನ 11 ವರ್ಷ

ರಾಜ-ರಾಣಿಯರಿಲ್ಲದ ಇಂಗ್ಲೆಂಡನ್ನು ಊಹಿಸಿಕೊಳ್ಳುವುದೇ ಕಷ್ಟ ಅಲ್ಲವೇ? ಆದರೆ 1649ರಿಂದ 1660ರವರೆಗೆ ಅಲ್ಲಿ ಸಿಂಹಾಸನವೇ ಖಾಲಿ ಇತ್ತು. ಆ 11 ವರ್ಷಗಳಲ್ಲಿ ಸುಮಾರು ಐದು ವರ್ಷ ದೇಶವನ್ನು ಆಳಿದ್ದು ಆಲಿವರ್ ಕ್ರಾಮ್‌ವೆಲ್. ರಾಜನ ತಲೆ ತೆಗೆಸಿದವರಲ್ಲಿ ಒಬ್ಬನಾದ ಈತನನ್ನೇ ಮುಂದೊಂದು ದಿನ ರಾಜನಾಗು ಎಂದು ಸಂಸತ್ತು ಕೇಳಿಕೊಂಡಿತು!

ಕ್ರಾಮ್‌ವೆಲ್ ಹುಟ್ಟಿದ್ದು 1599ರ ಏಪ್ರಿಲ್ 25ರಂದು, ಹಂಟಿಂಗ್‌ಡನ್ ಎಂಬ ಸಣ್ಣ ಪಟ್ಟಣದಲ್ಲಿ. ಕೇಂಬ್ರಿಡ್ಜ್‌ಗೆ ಓದಲು ಹೋದವನು ಅಪ್ಪ ತೀರಿಕೊಂಡಿದ್ದರಿಂದ ಪದವಿ ಪಡೆಯದೆ ಮನೆಗೆ ಮರಳಿದ. 1631ರಲ್ಲಿ ಊರಿನ ಆಸ್ತಿಯನ್ನೆಲ್ಲ ಹೆಚ್ಚುಕಡಿಮೆ ಮಾರಿಕೊಂಡು ಪಕ್ಕದ ಸೇಂಟ್ ಐವ್ಸ್‌ನಲ್ಲಿ ಗೇಣಿಗೆ ಭೂಮಿ ಹಿಡಿದ. ಐದು ವರ್ಷದ ಬಳಿಕ ಸೋದರಮಾವನ ಆಸ್ತಿ ಕೈಗೆ ಬಂದ ಮೇಲಷ್ಟೇ ಸಂಸಾರ ಹಳಿಗೆ ಬಂತು. 40 ವರ್ಷವಾದರೂ ದೇಶಕ್ಕೆ ಅವನ ಹೆಸರೇ ಗೊತ್ತಿರಲಿಲ್ಲ.

ಹೆಸರು ತಂದುಕೊಟ್ಟಿದ್ದು ಯುದ್ಧ. ಮೊದಲನೇ ಚಾರ್ಲ್ಸ್ 11 ವರ್ಷ ಸಂಸತ್ತನ್ನೇ ಕರೆಯದೆ ಆಳಿದ್ದ. 1642ರಲ್ಲಿ ರಾಜನಿಗೂ ಸಂಸತ್ತಿಗೂ ಯುದ್ಧ ಶುರುವಾದಾಗ ಸಂಸತ್ ಸದಸ್ಯನಾಗಿದ್ದ ಕ್ರಾಮ್‌ವೆಲ್ ಒಂದು ಕುದುರೆ ಪಡೆ ಕಟ್ಟಿದ. ಸೈನಿಕ ತರಬೇತಿ? ಅದೇನೂ ಇರಲಿಲ್ಲ. ಮನೆತನ ನೋಡದೆ, ಕೆಲಸ ಬಲ್ಲವರನ್ನು, ತನ್ನ ಹಾಗೇ ದೇವರಲ್ಲಿ ಗಾಢ ನಂಬಿಕೆ ಇದ್ದವರನ್ನು ಆರಿಸಿಕೊಂಡ. 1644ರ ಮಾರ್ಸ್ಟನ್ ಮೂರ್, 1645ರ ನೇಸ್‌ಬಿ ಯುದ್ಧಗಳಲ್ಲಿ ರಾಜನ ಸೇನೆಯನ್ನು ಮುರಿಯುವಲ್ಲಿ ಈ ಕುದುರೆ ಪಡೆಯ ಪಾಲು ದೊಡ್ಡದು.

ಗೆದ್ದ ಮೇಲೆ ಹೊಸ ತಲೆನೋವು. ಸೈನಿಕರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಅದನ್ನು ಪೂರ್ತಿ ಕೊಡದೆಯೇ ಸೇನೆಯನ್ನು ವಿಸರ್ಜಿಸಲು ಸಂಸತ್ತು ಹೊರಟಿತು. ಸೇನೆ ಒಪ್ಪಲಿಲ್ಲ. ಇತ್ತ ಸೆರೆಯಲ್ಲಿದ್ದ ರಾಜ ಎಲ್ಲರೊಡನೆ ಮಾತುಕತೆಯ ನಾಟಕವಾಡುತ್ತ ಮತ್ತೊಂದು ಯುದ್ಧ ಹೊತ್ತಿಸಿದ. 1648ರ ಡಿಸೆಂಬರ್‌ನಲ್ಲಿ ಕರ್ನಲ್ ಪ್ರೈಡ್ ಸಂಸತ್ತಿನ ಬಾಗಿಲಲ್ಲಿ ಸೈನಿಕರನ್ನು ನಿಲ್ಲಿಸಿ, ರಾಜನ ಜತೆ ರಾಜಿ ಬಯಸಿದ ಸದಸ್ಯರನ್ನು ತಡೆದ. ಉಳಿದವರು ರಾಜನ ವಿಚಾರಣೆಗೆ ನ್ಯಾಯಾಲಯ ರಚಿಸಿದರು. ಮರಣದಂಡನೆಯ ಆದೇಶಕ್ಕೆ ಸಹಿ ಹಾಕಿದ್ದು 59 ಮಂದಿ. ಮೂರನೇ ಸಹಿ ಕ್ರಾಮ್‌ವೆಲ್‌ನದು. 1649ರ ಜನವರಿ 30ರಂದು ಲಂಡನ್‌ನ ವೈಟ್‌ಹಾಲ್ ಅರಮನೆಯ ಮುಂದೆ, ಜನರ ಕಣ್ಣೆದುರೇ ರಾಜನ ರುಂಡ ಉರುಳಿತು. ಕೆಲವೇ ವಾರಗಳಲ್ಲಿ ರಾಜಪದವಿಯೇ ರದ್ದಾಯಿತು. ಕಿರೀಟವನ್ನೂ ಕರಗಿಸಿದರು.

ಆ ವರ್ಷವೇ ಕ್ರಾಮ್‌ವೆಲ್ ಐರ್ಲೆಂಡ್‌ಗೆ ಸೇನೆ ಒಯ್ದ. ಡ್ರಾಹೆಡಾ, ವೆಕ್ಸ್‌ಫರ್ಡ್ ಪಟ್ಟಣಗಳಲ್ಲಿ ಅವನ ಸೈನಿಕರು ಸಾವಿರಾರು ಜನರನ್ನು ಕೊಂದರು, ಪಾದ್ರಿಗಳನ್ನೂ ಬಿಡಲಿಲ್ಲ. ಆಮೇಲೆ ಕ್ಯಾಥೊಲಿಕರ ಭೂಮಿ ಕಿತ್ತು ಸೈನಿಕರಿಗೂ ಯುದ್ಧಕ್ಕೆ ಸಾಲ ಕೊಟ್ಟವರಿಗೂ ಹಂಚಲಾಯಿತು. ಇಂಗ್ಲೆಂಡ್‌ನಲ್ಲಿ ಅವನನ್ನು ಹೊಗಳುವವರು ಸಿಕ್ಕಾರು, ಐರ್ಲೆಂಡ್‌ನಲ್ಲಿ ಸಿಗುವುದು ಕಷ್ಟ. ಲಂಡನ್‌ನ ಸಂಸತ್ ಭವನದ ಹೊರಗೆ ಸರ್ಕಾರಿ ಹಣದಲ್ಲಿ ಅವನ ಪ್ರತಿಮೆ ನಿಲ್ಲಿಸುವ ಪ್ರಸ್ತಾವವನ್ನು ಇನ್ನೂರೈವತ್ತು ವರ್ಷಗಳ ಬಳಿಕವೂ ಐರಿಷ್ ಸದಸ್ಯರು ವಿರೋಧಿಸಿದರು. ಕೊನೆಗೆ 1899ರಲ್ಲಿ ಖಾಸಗಿ ಹಣದಲ್ಲಿ ಪ್ರತಿಮೆ ಎದ್ದಿತು.

ಗಣರಾಜ್ಯವೇನೋ ಬಂತು, ನಡೆಸುವುದು ಹೇಗೆ? ಅದೇ ಯಾರಿಗೂ ಬಗೆಹರಿಯಲಿಲ್ಲ. ಅಳಿದುಳಿದ ಸಂಸತ್ತು ಹೊಸ ಚುನಾವಣೆಯನ್ನು ಎಳೆದಾಡುತ್ತಲೇ ಇತ್ತು. 1653ರ ಏಪ್ರಿಲ್ 20ರಂದು ಕ್ರಾಮ್‌ವೆಲ್ ತಾಳ್ಮೆಗೆಟ್ಟು, ಬಂದೂಕುಧಾರಿಗಳನ್ನು ಒಳಗೆ ಕರೆಸಿ ಸದಸ್ಯರನ್ನು ಹೊರಗಟ್ಟಿದ. ಸಂಸತ್ತಿನೊಳಗೆ ಬಲವಂತ ಮಾಡಿದನೆಂದೇ ಚಾರ್ಲ್ಸ್ ವಿರುದ್ಧ ಜನ ಸಿಟ್ಟಾಗಿದ್ದರು ಎಂಬುದನ್ನು ನೆನಪಿಡಿ. ನಂತರ ಆರಿಸಿ ನೇಮಿಸಿದ ಸಭೆಯೊಂದು ಡಿಸೆಂಬರ್‌ವರೆಗೆ ಮಾತ್ರ ಬಾಳಿತು. ಆ ತಿಂಗಳ 12ಕ್ಕೆ ಅದೂ ಮುಗಿಯಿತು. ನಾಲ್ಕು ದಿನದ ಬಳಿಕ ಲಿಖಿತ ಸಂವಿಧಾನವೊಂದರ ಅಡಿಯಲ್ಲಿ ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್ ಆದ. ಮುಂದಿನ ಎರಡು ಸಂಸತ್ತುಗಳನ್ನೂ ಅವನೇ ವಿಸರ್ಜಿಸಿದ. ಸೇನೆಗೆ ಹಣ ಬೇಕು, ಹಣಕ್ಕೆ ಸಂಸತ್ತು ಬೇಕು, ಸಂಸತ್ತಿಗೋ ಸೇನೆಯೇ ಬೇಡ!

ಅವನ ಆಳ್ವಿಕೆಯಲ್ಲಿ ಒಳ್ಳೆಯದೂ ನಡೆಯಿತು. ಶತಮಾನಗಳ ಹಿಂದೆ ಹೊರಹಾಕಲ್ಪಟ್ಟಿದ್ದ ಯಹೂದಿಗಳಿಗೆ ಇಂಗ್ಲೆಂಡ್‌ನಲ್ಲಿ ನೆಲೆಸಲು ಅವಕಾಶ ಸಿಕ್ಕಿತು. ನಮಗೆ ತಟ್ಟಿದ ಇನ್ನೊಂದು ಸಂಗತಿಯೂ ಇದೆ: ಸೊರಗಿದ್ದ ಈಸ್ಟ್ ಇಂಡಿಯಾ ಕಂಪನಿಗೆ 1657ರಲ್ಲಿ ಹೊಸ ಸನ್ನದು ಕೊಟ್ಟವನೂ ಇವನೇ.

ಅದೇ ವರ್ಷ ಸಂಸತ್ತು ಅವನಿಗೆ ರಾಜಪದವಿ ನೀಡಲು ಮುಂದಾಯಿತು. ಇದು ಬರೀ ಭಟ್ಟಂಗಿತನವಲ್ಲ. ರಾಜನ ಅಧಿಕಾರ ಎಲ್ಲಿಯವರೆಗೆ ಎಂಬುದು ಕಾನೂನಿಗೆ ಗೊತ್ತಿತ್ತು. ಪ್ರೊಟೆಕ್ಟರ್‌ನ ಅಧಿಕಾರಕ್ಕೆ ಅಂಥ ಹಳೆಯ ಎಲ್ಲೆ ಇರಲಿಲ್ಲ. ಅಂದರೆ ಅವನನ್ನು ಕಟ್ಟಿಹಾಕಲೆಂದೇ ಕಿರೀಟ! ಆದರೆ ಅಳಿಯ ಫ್ಲೀಟ್‌ವುಡ್, ತಂಗಿಯ ಗಂಡ ಡೆಸ್‌ಬರೊ ಸೇರಿದಂತೆ ಸೇನಾಧಿಕಾರಿಗಳು ಸುತಾರಾಂ ಒಪ್ಪಲಿಲ್ಲ. ಅತ್ತ ದರಿ, ಇತ್ತ ಪುಲಿ. ವಾರಗಟ್ಟಲೆ ಯೋಚಿಸಿದ ಕ್ರಾಮ್‌ವೆಲ್ ಮೇ 8ರಂದು ಬೇಡವೆಂದ. ಸೇನೆಯ ಭಯ ಒಂದು ಕಡೆ. ದೇವರೇ ಕೆಡವಿದ ಪದವಿಯನ್ನು ಮತ್ತೆ ಎತ್ತಿ ನಿಲ್ಲಿಸಬಾರದೆಂಬ ಅವನ ನಂಬಿಕೆ ಇನ್ನೊಂದು ಕಡೆ. ಆದರೂ ಜೂನ್‌ನಲ್ಲಿ ಮತ್ತೆ ಪ್ರೊಟೆಕ್ಟರ್ ಆಗಿ ಅಧಿಕಾರ ವಹಿಸಿಕೊಂಡಾಗ ರಾಜರ ಪಟ್ಟಾಭಿಷೇಕದ ಕುರ್ಚಿಯನ್ನೇ ತರಿಸಲಾಯಿತು. ಉತ್ತರಾಧಿಕಾರಿಯನ್ನು ಹೆಸರಿಸುವ ಹಕ್ಕೂ ಸಿಕ್ಕಿತು. ಕಿರೀಟವೊಂದನ್ನು ಬಿಟ್ಟು ಇನ್ನೇನು ಬಾಕಿ ಇತ್ತು?

1658ರ ಸೆಪ್ಟೆಂಬರ್ 3ರಂದು ಕ್ರಾಮ್‌ವೆಲ್ ತೀರಿಕೊಂಡ. ಅಧಿಕಾರ ಹೋಗಿದ್ದು ಮಗ ರಿಚರ್ಡ್‌ಗೆ. ಯುದ್ಧಭೂಮಿಯಲ್ಲಿ ಹೆಸರು ಮಾಡದ ಅವನ ಮಾತನ್ನು ಸೇನೆ ಕೇಳಲಿಲ್ಲ. ಒಂಬತ್ತು ತಿಂಗಳೊಳಗೆ ಇಳಿದುಹೋದ. ಸೇನಾಪತಿಗಳು ಪರಸ್ಪರ ಕಿತ್ತಾಡಿದರು. ಕೊನೆಗೆ ಸ್ಕಾಟ್ಲೆಂಡ್‌ನಿಂದ ಸೇನೆಯೊಂದಿಗೆ ಬಂದ ಜನರಲ್ ಮಂಕ್, ರಾಜನ ಮರಳುವಿಕೆಗೆ ದಾರಿ ಮಾಡಿಕೊಟ್ಟ. 1660ರ ಮೇ 29ರಂದು, ತನ್ನ 30ನೇ ಹುಟ್ಟುಹಬ್ಬದ ದಿನ, ಎರಡನೇ ಚಾರ್ಲ್ಸ್ ಲಂಡನ್ ಪ್ರವೇಶಿಸಿದಾಗ ಬೀದಿ ತುಂಬ ಜನ.

1661ರ ಜನವರಿ 30. ಮೊದಲನೇ ಚಾರ್ಲ್ಸ್‌ನ ತಲೆ ಕಡಿದ ಅದೇ ದಿನಾಂಕ. ಕ್ರಾಮ್‌ವೆಲ್‌ನ ಹೆಣವನ್ನು ಸಮಾಧಿಯಿಂದ ತೆಗೆದು ನೇಣಿಗೇರಿಸಿ, ತಲೆ ಕಡಿದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಮೇಲೆ ಕಂಬಕ್ಕೆ ಸಿಕ್ಕಿಸಲಾಯಿತು. ವರ್ಷಗಟ್ಟಲೆ ಅಲ್ಲೇ ಇದ್ದ ಆ ತಲೆ ನಂತರ ಕೈಯಿಂದ ಕೈಗೆ ದಾಟಿತು, ಪ್ರದರ್ಶನದ ವಸ್ತುವೂ ಆಯಿತು. 1960ರಲ್ಲಿ ಅದನ್ನು ಅವನು ಓದು ಬಿಟ್ಟಿದ್ದ ಕೇಂಬ್ರಿಡ್ಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲೇ ಹೂಳಲಾಯಿತು. ಗೋಡೆಯ ಮೇಲೊಂದು ಫಲಕವಿದೆ. ಹೂತ ಜಾಗ ಯಾವುದೆಂದು ಮಾತ್ರ ಕಾಲೇಜು ಬಹಿರಂಗಪಡಿಸಿಲ್ಲ.